ಮೈ ಝಡತಿಯೂ ಪ್ರಜೆಯ ಮಾನವೂ

ಬೆಳಗಾವಿಯಿಂದ ಪೂರ್ವಕ್ಕೆ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿರುವ ಸಾಂಬ್ರಾದ ವಿಮಾನ ನಿಲ್ದಾಣವು ಎರಡನೆಯ ಮಹಾಯುದ್ಧದ ಕಾಲಕ್ಕೆ, 1942ರಲ್ಲಿ, ಬ್ರಿಟಿಷ ವಾಯುದಳದವರು ಸಿದ್ಧಪಡಿಸಿದುದಾಗಿರುತ್ತದೆ. ದಂಡಿನ ಕೆಲಸಕ್ಕೆಂದು ಹುಟ್ಟಿದ ಆ ನೆಲವು ಇಂದು ಸಾಮಾನ್ಯ ಜನರು ಹೋಗಿ ಬರುವ ಹಾದಿಯಾಗಿ ಮಾರ್ಪಟ್ಟಿದೆ. 2017ನೆಯ ಸಪ್ಟೆಂಬರ 14ರಂದು ಅಲ್ಲಿ ಪ್ರಯಾಣಿಕರ ಹೊಸ ಕಟ್ಟಡವು ತೆರೆಯಿತು. 2019ರಲ್ಲಿ ಸರಕಾರದ ಉಡಾನ ಯೋಜನೆಯು ನಮ್ಮ ನಿಲ್ದಾಣಕ್ಕೂ ಅನ್ವಯಿಸಿ ವಿಮಾನಗಳ ಓಡಾಟವು ಹೆಚ್ಚಿತು. 2024ನೆಯ ಮಾರ್ಚ 10ರಂದು ಇನ್ನೂ ದೊಡ್ಡದಾದ ಕಟ್ಟಡಕ್ಕೆ ಅಡಿಗಲ್ಲು ಬಿದ್ದಿತು. ವಿಮಾನವೆಂದರೆ ಹೊಲದಲ್ಲಿ ನಿಂತು ಕತ್ತೆತ್ತಿ ನೋಡತಕ್ಕ ವಸ್ತುವೆಂದು ತಿಳಿದಿದ್ದ ಕಾಲವು ಹಿಂದಕ್ಕೆ ಸರಿದಿದೆ. ಖಾನಾಪುರ ತಾಲೂಕಿನ ಜಾಂಬೋಟಿ, ನಂದಗಡ, ಲೋಂಡಾಗಳ ಕಡೆಯ ಒಕ್ಕಲು ಮನೆತನದವರು ಕೂಡ ಬೆಂಗಳೂರಿನಲ್ಲಿಯೋ ದಿಲ್ಲಿಯಲ್ಲಿಯೋ ನೌಕರಿಯಲ್ಲಿರುವ ಮಕ್ಕಳನ್ನು ಕಾಣಲು ಸಾಂಬ್ರಾದ ಬಾಗಿಲಿಗೆ ಬರುತ್ತಿರುವರು. ಇದು ಸಂತೋಷದ ಸಂಗತಿಯು.

ಆ ಬಾಗಿಲಲ್ಲಿ ಪ್ರಯಾಣಿಕನಿಗೆ ಆಗುವ ಮೈ ಝಡತಿಯ, ಎಂದರೆ ಅಂಗತಪಾಸಣೆಯ, ವಿಷಯವಾಗಿ ಇಂದು ನಾಲ್ಕು ಮಾತು ಬರೆಯಬೇಕೆಂದು ನಾವು ಲೇಖನಿಯನ್ನು ಹಿಡಿದಿದ್ದೇವೆ. ಮೊದಲ ಸಾರೆ ವಿಮಾನವೇರುವವನಿಗೆ ಈ ವಿಧಿಯು ತೀರ ಹೊಸದು. ಚೀಲ, ನಡುಪಟ್ಟಿ, ಕೈಗಡಿಯಾರ, ಮೊಬೈಲುಗಳನ್ನು ಒಂದು ತಟ್ಟೆಯಲ್ಲಿಟ್ಟು ಕ್ಷಕಿರಣದ ಯಂತ್ರದೊಳಗೆ ಬಿಡಬೇಕು. ತಾನು ಬಾಗಿಲ ಚೌಕಟ್ಟಿನಂತಹ ಲೋಹಶೋಧಕದೊಳಗಿಂದ ದಾಟಬೇಕು. ಆ ಮೇಲೆ ಗಂಡಸಾದರೆ ಸಣ್ಣದೊಂದು ಕಟ್ಟೆಯ ಮೇಲೆ ಎಲ್ಲರೆದುರಿಗೆ ಎರಡೂ ಕೈಗಳನ್ನು ಚಾಚಿ ನಿಲ್ಲಬೇಕು; ಹೆಂಗಸಾದರೆ ಪರದೆಯ ಮರೆಗೆ ಹೋಗಬೇಕು. ಗಂಡಸನ್ನು ಗಂಡಸೂ ಹೆಂಗಸನ್ನು ಹೆಂಗಸೂ ಕೈಯಂತ್ರದಿಂದಲೂ ಕೈಯಿಂದಲೂ ಮುಟ್ಟಿ ನೋಡುವರು. ಯಾವ ಅಪರಾಧವನ್ನೂ ಮಾಡದ, ಯಾವ ಸಂಶಯಕ್ಕೂ ಒಳಗಾಗದ ಮನುಷ್ಯನ ಮೈಯನ್ನು ರಾಜ್ಯದ ಕೈಯು ಮುಟ್ಟಿ ನೋಡುವ ಪ್ರಸಂಗವು ನಮ್ಮ ನಿತ್ಯ ಜೀವನದಲ್ಲಿ ಇದೊಂದೇ ಎಂದರೂ ಹೆಚ್ಚಾಗದು. ಆದುದರಿಂದಲೇ ಇದನ್ನು ಕುರಿತು ಸಾವಧಾನವಾಗಿ ವಿಚಾರ ಮಾಡುವದು ಅವಶ್ಯವಾಗಿದೆ.

ಝಡತಿಯೇ ಬೇಡವೆಂದು ಹೇಳುವವರಲ್ಲಿ ನಾವು ಸೇರಿದವರಲ್ಲ. ಅದು ಯಾಕೆ ಬಂದಿತೆಂಬದನ್ನು ಮರೆಯಲಾಗದು. 1971ನೆಯ ಜಾನೇವಾರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟ 'ಗಂಗಾ' ಎಂಬ ವಿಮಾನವನ್ನು ಅಪಹರಿಸಿ ಲಾಹೋರಿಗೆ ಒಯ್ದರು. 1976ನೆಯ ಸಪ್ಟೆಂಬರ 10ರಂದು ಮತ್ತೊಂದು ವಿಮಾನಕ್ಕೆ ಅದೇ ಗತಿಯಾಯಿತು. ಆ ಬಳಿಕ 1978ರಲ್ಲಿ ನಾಗರಿಕ ವಿಮಾನಯಾನ ಭದ್ರತೆಗೆಂದೇ ಒಂದು ಶಾಖೆಯು ಹುಟ್ಟಿತು. 1985ನೆಯ ಜೂನ 23ರಂದು 'ಕನಿಷ್ಕ' ವಿಮಾನವು ಬಾಂಬಿನಿಂದ ಸಿಡಿದು 329 ಜನರು ಸಮುದ್ರದ ಪಾಲಾದರು. 1987ರ ಏಪ್ರಿಲದಲ್ಲಿ ಆ ಶಾಖೆಯು ಸ್ವತಂತ್ರ ಇಲಾಖೆಯಾಯಿತು. 1999ನೆಯ ಡಿಸೆಂಬರ 24ರಂದು ಕಾಠಮಾಂಡುವಿನಿಂದ ದಿಲ್ಲಿಗೆ ಬರುತ್ತಿದ್ದ ವಿಮಾನವನ್ನು ಅಪಹರಿಸಿ ಒಬ್ಬ ಪ್ರಯಾಣಿಕನನ್ನು ಕೊಂದು ಕಂದಹಾರಕ್ಕೆ ಒಯ್ದುದೂ, ಉಳಿದವರ ಪ್ರಾಣಕ್ಕಾಗಿ ಮೂವರು ಭಯೋತ್ಪಾದಕರನ್ನು ಬಿಟ್ಟುಕೊಡಬೇಕಾದುದೂ ಎಲ್ಲರಿಗೂ ತಿಳಿದದ್ದೇ. ಅದಾದ ಒಂದೇ ತಿಂಗಳ ಮೇಲೆ, 2000ದ ಫೆಬ್ರುವರಿ 3ರಂದು, ಜಯಪುರದಿಂದ ಆರಂಭಿಸಿ ವಿಮಾನ ನಿಲ್ದಾಣಗಳ ಕಾವಲನ್ನು ಕೇಂದ್ರ ಕೈಗಾರಿಕಾ ಭದ್ರತಾ ದಳಕ್ಕೆ ಒಪ್ಪಿಸುತ್ತ ಬಂದರು.

ಹೀಗೆ ಒಂದೊಂದು ನಿಯಮದ ಹಿಂದೆಯೂ ಒಂದೊಂದು ದುರಂತವಿದೆ. ಹೊತ್ತುಗಟ್ಟಲೆ ನಿಂತು ಸಾವಿರಾರು ಜನರನ್ನು ತಪಾಸಿಸುವ ಕಾವಲಿನವರ ಶ್ರಮಕ್ಕೆ ನಾವು ಕೃತಜ್ಞರು. ಪರಂತು ಝಡತಿಯು ಆಗಬೇಕೆ ಬೇಡವೆ ಎಂಬದು ಒಂದು ಪ್ರಶ್ನೆ. ಅದು ಯಾವ ರೀತಿಯಲ್ಲಿ ಆಗಬೇಕೆಂಬದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ದೊರೆತಿದೆಯೆಂಬ ಕಾರಣದಿಂದ ಎರಡನೆಯದನ್ನು ಕೇಳಲೇಬಾರದೆಂಬ ಭಾವನೆಯು ಅಧಿಕಾರಿಗಳಲ್ಲಿಯೂ, ಆಶ್ಚರ್ಯವೆಂದರೆ ಪ್ರಜೆಗಳಲ್ಲಿಯೂ ಬೇರೂರಿದೆ. ಇದು ಸರಿಯಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಇಲ್ಲಿ ಕೋಲೆಂದರೆ ಪ್ರಜೆಯ ಮಾನವು.

ಉದ್ದೇಶವು ಒಳ್ಳೆಯದಿದ್ದು ರೀತಿಯು ಕೆಟ್ಟದಾದರೆ ಏನಾಗುವದೆಂಬದಕ್ಕೆ ನಮ್ಮ ಈ ಭಾಗವು ಅರಿಯದ ಪಾಠವಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದಿನ ಎರಡು ವರುಷಗಳಲ್ಲಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಗೂ ಹಬ್ಬಿತು. 1897ರ ಫೆಬ್ರುವರಿಯಲ್ಲಿ ಸರಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿ ಅಧಿಕಾರಿಗಳಿಗೆ ಮಿತಿಯಿಲ್ಲದ ಅಧಿಕಾರವನ್ನು ಕೊಟ್ಟಿತು. ಮುಂಬಯಿ ಇಲಾಖೆಯ ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಗಾಡಿಯಿಂದ ಇಳಿಸಿ, ಸಾಲಾಗಿ ನಿಲ್ಲಿಸಿ, ಗಡ್ಡೆಯೆದ್ದಿದೆಯೋ ಏನೆಂದು ಕಂಕುಳನ್ನೂ ತೊಡೆಯ ಸಂದನ್ನೂ ಮುಟ್ಟಿ ನೋಡಿದರು. ಹೆಣ್ಣುಮಕ್ಕಳ ಮೈಯನ್ನು ಪರಪುರುಷರು ಹತ್ತು ಜನರೆದುರಿಗೆ ಮುಟ್ಟಿದರೆಂಬ ದೂರು ಊರೂರಿನಲ್ಲಿ ಎದ್ದಿತು. ಪುಣೆಯಲ್ಲಿ ಮನೆ ಮನೆಗಳ ಝಡತಿಯು ಸೋಲ್ಜರರ ಕೈಯಿಂದ ಆಯಿತು. ಅದರ ಪರಿಣಾಮವಾಗಿ 1897ನೆಯ ಜೂನ 22ರ ರಾತ್ರಿ ಪ್ಲೇಗಿನ ಅಧಿಕಾರಿ ರ್ಯಾಂಡನ ಮೇಲೆ ಚಾಪೇಕರ ಬಂಧುಗಳ ಗುಂಡು ಹಾರಿತು; ಲೋಕಮಾನ್ಯ ಟಿಳಕರು ರಾಜದ್ರೋಹದ ಆರೋಪದ ಮೇಲೆ ಸೆರೆಮನೆಗೆ ಹೋದರು.

ಪ್ಲೇಗು ಸುಳ್ಳಾಗಿತ್ತೇನು? ಇಲ್ಲ. ಅದನ್ನು ತಡೆಯುವ ಉದ್ದೇಶವು ಕೆಟ್ಟದ್ದಾಗಿತ್ತೇನು? ಅದೂ ಇಲ್ಲ. ಜನರ ಜೀವವನ್ನು ಉಳಿಸಲೆಂದು ಹೊರಟವರು ಜನರ ಮಾನವನ್ನು ಲೆಕ್ಕಕ್ಕೆ ತರಲಿಲ್ಲ, ಅಷ್ಟೇ. ಆದುದರಿಂದ ಜನರು ರೋಗವನ್ನು ಬಚ್ಚಿಟ್ಟರು, ಅಧಿಕಾರಿಗಳನ್ನು ಕಂಡು ಓಡಿಹೋದರು, ಕೊನೆಗೆ ರೋಗಕ್ಕಿಂತ ಉಪಾಯಕ್ಕೇ ಹೆಚ್ಚು ಅಂಜಿದರು. ಅಂದಿನ ಸರಕಾರವು ಪರಕೀಯರದು, ಇಂದಿನದು ನಮ್ಮದೇ. ತನ್ನವರ ಕೈ ಎಂಬ ಒಂದೇ ಕಾರಣಕ್ಕೆ ಮೈ ಮುಟ್ಟಿದ್ದು ಹಗುರಾಗುವದಿಲ್ಲ. ತನ್ನವರಿಂದ ಮರ್ಯಾದೆಯನ್ನು ನಿರೀಕ್ಷಿಸುವ ಹಕ್ಕು ಮಾತ್ರ ಇಮ್ಮಡಿಯಾಗುವದು.

ಇದೆಲ್ಲ ಹಳೆಯ ಕಥೆಯೆಂದು ಯಾರಾದರೂ ಅಂದಾರು. ಈಚಿನ ಕೆಲವು ಸಂಗತಿಗಳನ್ನೇ ನೋಡೋಣ. ಕೃತಕ ಕಾಲನ್ನು ಕಟ್ಟಿಕೊಂಡು ನಾಟ್ಯವಾಡಿ ದೇಶದ ಮೆಚ್ಚುಗೆಗೆ ಪಾತ್ರರಾದ ಶ್ರೀಮತಿ ಸುಧಾ ಚಂದ್ರನ್ ಅವರು, ವಿಮಾನ ನಿಲ್ದಾಣಗಳಲ್ಲಿ ಸಾರೆಸಾರೆಗೂ ಆ ಕಾಲನ್ನು ಬಿಚ್ಚಿ ತೋರಿಸಬೇಕಾಗುವದೆಂದು 2021ರ ಅಕ್ಟೋಬರದಲ್ಲಿ ಪ್ರಧಾನಮಂತ್ರಿಗಳಿಗೆ ಬಹಿರಂಗವಾಗಿ ಮೊರೆಯಿಟ್ಟರು. ಭದ್ರತಾ ದಳದವರು ಕ್ಷಮೆ ಕೇಳಿದರು. ಅದೇ ವರುಷದ ಡಿಸೆಂಬರದಲ್ಲಿ ಸುಪ್ರೀಂ ಕೋರ್ಟು, ಮನುಷ್ಯನ ಘನತೆಯನ್ನು ಕಾಯಬೇಕಾದರೆ ಅಂಗವಿಕಲರಿಗೆ ಕೃತಕ ಅವಯವಗಳನ್ನು ತೆಗೆಯ ಹೇಳಲಾಗದೆಂಬ ಅಭಿಪ್ರಾಯವನ್ನು ಸ್ಪಷ್ಟವಾಗಿ ಕೊಟ್ಟಿತು. ಇಷ್ಟಾಗಿ ನಾಲ್ಕು ತಿಂಗಳು ತುಂಬುವದರೊಳಗೆ, 2022ರ ಮಾರ್ಚದಲ್ಲಿ, ಗುವಾಹಾಟಿಯ ನಿಲ್ದಾಣದಲ್ಲಿ ಗಾಲಿಕುರ್ಚಿಯ ಮೇಲೆ ಬಂದ ಎಂಬತ್ತು ವರುಷದ ಮುದುಕಿಯೊಬ್ಬರ ಟೊಂಕದಲ್ಲಿ ಕೂಡ್ರಿಸಿದ್ದ ಲೋಹಕ್ಕೆ ಯಂತ್ರವು ಕೂಗಿತು. ಅವರ ಬಟ್ಟೆಯನ್ನು ಬಿಚ್ಚಿಸಿ ನೋಡಿದರೆಂದು ಅವರ ಮನೆಯವರು ದೂರಿದರು. ಸಂಬಂಧಪಟ್ಟ ಕಾವಲಿನವರನ್ನು ಕೆಲಸದಿಂದ ಅಮಾನತು ಮಾಡಲಾಯಿತು.

ನಮ್ಮ ರಾಜ್ಯದ ರಾಜಧಾನಿಯೂ ಇದರಿಂದ ದೂರ ಉಳಿಯಲಿಲ್ಲ. 2023ರ ಜಾನೇವಾರಿಯಲ್ಲಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ತನ್ನ ಮೇಲಂಗಿಯನ್ನು ಕಳೆಯಹಚ್ಚಿ ಒಳಅಂಗಿಯ ಮೇಲೆ ನಿಲ್ಲಿಸಿದರೆಂದು ತರುಣಿಯೊಬ್ಬಳು ಬಹಿರಂಗವಾಗಿ ಆಪಾದಿಸಿದಳು. ನಿಲ್ದಾಣದವರು ವಿಷಾದವನ್ನು ಸೂಚಿಸಿದರು. ಕಾವಲಿನವರ ಕಡೆಯಿಂದ ಬೇರೊಂದು ವೃತ್ತಾಂತವು ಹೊರಬಿದ್ದಿತು. ನಾವು ಎತ್ತಿ ತೋರಿಸಬೇಕೆಂದಿರುವ ಸಂಗತಿಯು ಇಷ್ಟೇ: ಝಡತಿಯ ನಿಯಮವು ಗೋಡೆಯ ಮೇಲೆ ಬರೆದಿದ್ದರೆ, ದೂರನ್ನು ಅಲ್ಲಿಯೇ ಬರೆದುಕೊಂಡು ಪಾವತಿ ಕೊಡುವ ಪದ್ಧತಿಯಿದ್ದರೆ, ಒಬ್ಬ ಹೆಣ್ಣುಮಗಳು ತನ್ನ ಮಾನದ ಮಾತನ್ನು ಲೋಕದ ಮುಂದೆ ಹರವಿ ನ್ಯಾಯ ಕೇಳಬೇಕಾದ ಪ್ರಸಂಗವೂ ಬರುತ್ತಿರಲಿಲ್ಲ, ನಿರಪರಾಧಿಯಾದ ಕಾವಲಿನವನ ಮೇಲೆ ಸುಳ್ಳು ಆರೋಪವು ಬರುವ ಹೆದರಿಕೆಯೂ ಇರುತ್ತಿರಲಿಲ್ಲ.

ಇನ್ನು ಕಾನೂನಿನ ಕಡೆಗೆ ತಿರುಗೋಣ. ಪೋಲೀಸರು ಕೈದು ಮಾಡಿದ ಹೆಂಗಸಿನ ಝಡತಿಯನ್ನು ಇನ್ನೊಬ್ಬ ಹೆಂಗಸೇ ಮಾಡಬೇಕು, ಅದೂ ಸಭ್ಯತೆಗೆ ಕಿಂಚಿತ್ತೂ ಕುಂದು ಬಾರದಂತೆ ಮಾಡಬೇಕು ಎಂದು 1898ರ ಕ್ರಿಮಿನಲ್ ಪ್ರೊಸೀಜರ ಕೋಡಿನಲ್ಲಿಯೇ ವಿಧಿಸಿತ್ತು. ಪ್ಲೇಗಿನ ಗದ್ದಲವು ಇನ್ನೂ ಅಡಗದ ಕಾಲದ, ಪರಕೀಯ ಸರಕಾರದ ಕಾನೂನು ಅದು. 1973ರ ಸಂಹಿತೆಯಲ್ಲಿ ಆ ಮಾತು ಹಾಗೆಯೇ ಉಳಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 49ನೆಯ ಕಲಮಿನಲ್ಲಿಯೂ ಇದೆ. ಕೊಲೆಯ ಆರೋಪ ಹೊತ್ತವಳಿಗೂ ಈ ರಕ್ಷಣೆಯುಂಟು.

ಬಂಗಾರವನ್ನು ಕದ್ದು ಸಾಗಿಸುವ ಸಂಶಯಕ್ಕೆ ಒಳಗಾದವನಿಗೆ ಕಾನೂನು ಇನ್ನೂ ಹೆಚ್ಚಿನ ಆಸರೆಯನ್ನು ಕೊಟ್ಟಿದೆ. 1962ರ ಕಸ್ಟಮ್ಸ ಕಾಯಿದೆಯ 102ನೆಯ ಕಲಮಿನ ಮೇರೆಗೆ, ಝಡತಿಗೆ ಒಳಗಾಗುವವನು ಬಯಸಿದರೆ ಅವನನ್ನು ಮೊದಲು ಗೆಝೆಟೆಡ್ ಅಧಿಕಾರಿಯ ಇಲ್ಲವೆ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯಬೇಕು. ಇಬ್ಬರು ಸಾಕ್ಷಿಗಳನ್ನು ಕರೆಯಬೇಕು. ಹೆಂಗಸನ್ನು ಹೆಂಗಸಿನ ಹೊರತು ಯಾರೂ ಮುಟ್ಟಕೂಡದು. ದೇಹದೊಳಗೆ ಮಾಲು ಅಡಗಿದೆಯೆಂಬ ಸಂಶಯದಿಂದ ಕ್ಷಕಿರಣ ಹಾಯಿಸಬೇಕಾದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯು ಬೇಕೆಂದು 103ನೆಯ ಕಲಮಿನಲ್ಲಿ ವಿಧಿಸಿದರು. ಕೆಲ ವರುಷಗಳ ಹಿಂದೆ ಅದನ್ನು ತಿದ್ದಿ ಕೊಂಚ ಸಡಿಲಿಸಿದ್ದು ನಿಜ, ಆದರೂ ಮೇಲಧಿಕಾರಿಯ ಒಪ್ಪಿಗೆಯನ್ನು ಬಿಟ್ಟಿಲ್ಲ.

ಈಗ ನಮ್ಮ ಓದುಗರು ಒಂದು ಕ್ಷಣ ವಿಚಾರಿಸಬೇಕು. ಕೈದಿಗೆ ಕಾನೂನಿನ ಆಸರೆಯುಂಟು. ಕಳ್ಳಸಾಗಾಣಿಕೆಯ ಸಂಶಯವಿದ್ದವನಿಗೆ ಆಸರೆಯುಂಟು. ಕೈಯಲ್ಲಿ ತಿಕೀಟು ಹಿಡಿದು, ಹೆಸರು ವಿಳಾಸ ಕೊಟ್ಟು, ಸರದಿಯಲ್ಲಿ ಮೌನವಾಗಿ ನಿಂತ ನಿರಪರಾಧಿಗೆ ಮಾತ್ರ ತನ್ನ ಮೈಯ ಮೇಲೆ ತನಗಿರುವ ಹಕ್ಕು ಯಾವದೆಂಬದು ಗೊತ್ತಿಲ್ಲ. ಅವನಿಗಾಗಿ ನಿಯಮಗಳು ಇಲ್ಲವೆಂದಲ್ಲ. ಭದ್ರತಾ ಇಲಾಖೆಯ ಸುತ್ತೋಲೆಗಳು ಇವೆ. ಆದರೆ ಅವು ಇಂಗ್ಲಿಷಿನಲ್ಲಿ, ಕಚೇರಿಯ ಕಡತದಲ್ಲಿ, ಕಾವಲಿನವರಿಗೆ ಕಾವಲಿನ ಮೇಲಧಿಕಾರಿಗಳು ಹೇಳಿದ ಮಾತುಗಳಾಗಿವೆ. ಪ್ರಜೆಗೆ ಕಾಣದ ನಿಯಮವು ಪ್ರಜೆಯನ್ನು ಕಾಯಲಾರದು. ಹೀಗಾಗಿ ಅವನ ಮಾನವು ಆ ಹೊತ್ತಿಗೆ ಅಲ್ಲಿ ನಿಂತ ಒಬ್ಬ ಕಾವಲಿನವನ ಸ್ವಭಾವದ ಮೇಲೆ ಅವಲಂಬಿಸಿರುವದು. ನಮ್ಮ ಇಡೀ ಆಕ್ಷೇಪವು ಇದೇ. ಒಳ್ಳೆಯ ಕಾವಲಿನವರು ಬಹಳ ಜನರಿದ್ದಾರೆಂಬದು ಇದಕ್ಕೆ ಉತ್ತರವಲ್ಲ.

ದೇಹದ ಏಕಾಂತವು ಶ್ರೀಮಂತರ ಶೋಕಿಯೆಂದು ತಿಳಿಯುವವರಿಗೆ ಕನ್ನಡ ನಾಡಿನ ಒಬ್ಬ ಹಿರಿಯರೇ ಉತ್ತರ ಕೊಟ್ಟು ಹೋಗಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ ಯೋಜನೆಯ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿಯೇ 2017ನೆಯ ಆಗಸ್ಟ 24ರಂದು ಒಂಬತ್ತು ಜನ ನ್ಯಾಯಮೂರ್ತಿಗಳು ಏಕಮತದಿಂದ, ಖಾಸಗಿತನವು ರಾಜ್ಯಘಟನೆಯು ಕೊಟ್ಟ ಮೂಲಭೂತ ಹಕ್ಕೆಂದು ಸಾರಿದರು. ರಾಜ್ಯವು ಅದರಲ್ಲಿ ಕೈಯಿಕ್ಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ಎಷ್ಟು ಅವಶ್ಯವೋ ಅಷ್ಟೇ ಆಗಬೇಕು ಎಂಬ ಮೂರು ಒರೆಗಲ್ಲುಗಳನ್ನು ಆ ತೀರ್ಪು ನಮಗೆ ಕೊಟ್ಟಿದೆ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ 28ರಂದು ತೀರಿಕೊಂಡರು, ಒರೆಗಲ್ಲುಗಳು ಉಳಿದಿವೆ. ಮೈ ಝಡತಿಯನ್ನು ಅವುಗಳಿಗೆ ಉಜ್ಜಿ ನೋಡಿದರೆ ಮೊದಲಿನ ಎರಡರಲ್ಲಿ ಅದು ಗೆಲ್ಲುವದು. ಸೋಲುವ ಸಂಭವವಿರುವದು ಮೂರನೆಯದರಲ್ಲಿ. ಖಾನಾಪುರದ ಕುಂಬಾರಿಕೆಯು ಪ್ರಸಿದ್ಧವಾದದ್ದು. ಅಲ್ಲಿಯ ಸಂತೆಯಲ್ಲಿ ಗಡಿಗೆಯನ್ನು ಕೊಳ್ಳುವವನು ಬೆರಳಿನಿಂದ ಬಾರಿಸಿ ನೋಡುವನು, ಒಡೆದು ನೋಡುವದಿಲ್ಲ.

ಯಂತ್ರಗಳು ಬಂದರೆ ಈ ತೊಂದರೆಯೆಲ್ಲ ತಪ್ಪುವದೆಂದು ಕೆಲವರು ಹೇಳುವರು. ಅದರಲ್ಲಿ ಅರ್ಧ ಸತ್ಯವಿದೆ. ಈಗಿನ ಚೌಕಟ್ಟಿನ ಯಂತ್ರವು ವಿದ್ಯುತ್ಕಾಂತದ ಬಲದಿಂದ ಲೋಹವನ್ನಷ್ಟೇ ಗುರುತಿಸುವದು. ಅದಕ್ಕೆ ಮುದುಕಿಯ ಟೊಂಕದ ಸಲಾಕೆಯೂ ದುಷ್ಟನ ಚೂರಿಯೂ ಒಂದೇ. ಲೋಹವಿಲ್ಲದ ಸ್ಫೋಟಕವಾದರೋ ಕಾಣಿಸುವದೇ ಇಲ್ಲ. 2009ನೆಯ ಡಿಸೆಂಬರ 25ರಂದು ಅಮೇರಿಕದ ಡೆಟ್ರಾಯಿಟಿಗೆ ಹೊರಟ ವಿಮಾನದಲ್ಲಿ ಒಬ್ಬನು ಒಳಚಡ್ಡಿಯಲ್ಲಿ ಸ್ಫೋಟಕವನ್ನು ಅಡಗಿಸಿ ಒಯ್ದುದು ಹೀಗೆಯೇ. ಆ ಬಳಿಕ ಇಡೀ ಮೈಯನ್ನು ನೋಡುವ ಯಂತ್ರಗಳು ಆ ದೇಶದ ನಿಲ್ದಾಣಗಳಲ್ಲೆಲ್ಲ ತುಂಬಿದವು. ಅವುಗಳಲ್ಲಿ ಎರಡು ಬಗೆ. ಒಂದು ಬಗೆಯದು ಸೌಮ್ಯವಾದ ಕ್ಷಕಿರಣವನ್ನು ಹಾಯಿಸುವದು. ಇನ್ನೊಂದು ಬಗೆಯದು ಮಿಲಿಮೀಟರಿನ ಅಳತೆಯ ರೇಡಿಯೋ ಅಲೆಗಳನ್ನು ಬಿಡುವದು; ಅವು ಬಟ್ಟೆಯನ್ನು ದಾಟಿ ಚರ್ಮಕ್ಕೆ ತಾಗಿ ಮರಳುವವು. ಮೊದಮೊದಲಿನ ಯಂತ್ರಗಳ ಪರದೆಯಲ್ಲಿ ಮೂಡುತ್ತಿದ್ದುದು ಬಟ್ಟೆಯಿಲ್ಲದ ಮೈಯಂತಹದೇ ಚಿತ್ರ. ಮುಟ್ಟುವದು ತಪ್ಪಿತು, ನೋಡುವದು ಬಂದಿತು!

ಅಲ್ಲಿಯ ಜನರು ಸುಮ್ಮನಿರಲಿಲ್ಲ. ಕೋರ್ಟಿಗೆ ಹೋದರು, ತಮ್ಮ ಪ್ರತಿನಿಧಿಗಳನ್ನು ಕಾಡಿದರು. ಯಂತ್ರವು ಪ್ರಯಾಣಿಕನ ಮೈಯ ಬದಲು ಎಲ್ಲರಿಗೂ ಸಮಾನವಾದ ಒಂದು ಗೊಂಬೆಯ ಚಿತ್ರವನ್ನು ತೋರಿಸಿ, ಸಂಶಯವಿದ್ದ ಸ್ಥಳದಲ್ಲಿ ಮಾತ್ರ ಗುರುತು ಹಾಕಬೇಕೆಂದು 2012ರಲ್ಲಿ ಕಾನೂನಾಯಿತು. ಹಾಗೆ ಮಾರ್ಪಡಿಸಲಾಗದ ಕ್ಷಕಿರಣದ ಯಂತ್ರಗಳನ್ನು 2013ರ ಹೊತ್ತಿಗೆ ನಿಲ್ದಾಣಗಳಿಂದ ಕಿತ್ತು ಹಾಕಿದರು. ಯುರೋಪದ ಒಕ್ಕೂಟವು 2011ರ ನವೆಂಬರದಲ್ಲಿ ಇನ್ನೂ ನೇರವಾದ ನಿಯಮಗಳನ್ನು ಮಾಡಿತು: ಚಿತ್ರವನ್ನು ಸಂಗ್ರಹಿಸಕೂಡದು, ಕ್ಷಕಿರಣದ ಯಂತ್ರವು ಬೇಡ, ಯಂತ್ರವನ್ನು ಒಲ್ಲದವನಿಗೆ ಬೇರೆ ರೀತಿಯ ತಪಾಸಣೆಯಾಗಬೇಕು. ಯಂತ್ರವು ಚಿತ್ರವನ್ನು ಉಳಿಸಿಕೊಳ್ಳುವದಿಲ್ಲವೆಂಬ ಅಧಿಕಾರಿಗಳ ಬಾಯಿಮಾತನ್ನು ನಂಬಿ ಕೂಡ್ರಲಾಗದೆಂಬದಕ್ಕೂ ಅಮೇರಿಕದಲ್ಲಿಯೇ ದೃಷ್ಟಾಂತವುಂಟು. ಫ್ಲೋರಿಡಾ ಪ್ರಾಂತದ ಒಂದು ನ್ಯಾಯಾಲಯದ ಬಾಗಿಲಲ್ಲಿಟ್ಟ ಇಂತಹ ಯಂತ್ರದಲ್ಲಿ ಸುಮಾರು 35,000 ಚಿತ್ರಗಳು ಉಳಿದುಕೊಂಡಿದ್ದುದು 2010ರಲ್ಲಿ ಬಯಲಿಗೆ ಬಂದಿತು.

ನಮ್ಮ ದೇಶದಲ್ಲಿ 2019ರ ಏಪ್ರಿಲದಲ್ಲಿ ಭದ್ರತಾ ಇಲಾಖೆಯು 84 ಸೂಕ್ಷ್ಮ ಮತ್ತು ಅತಿಸೂಕ್ಷ್ಮ ನಿಲ್ದಾಣಗಳಲ್ಲಿ ಇಂತಹ ಯಂತ್ರಗಳನ್ನು ಕೂಡ್ರಿಸತಕ್ಕದ್ದೆಂದು ಆಜ್ಞಾಪಿಸಿತು. ದೊಡ್ಡ ಪಟ್ಟಣಗಳಿಗೆ ಬಂದದ್ದು ಇಂದಲ್ಲ ನಾಳೆ ಸಾಂಬ್ರಾಕ್ಕೂ ಬರುವದು. ರೇಡಿಯೋ ಅಲೆಯ, ಗೊಂಬೆಯ ಚಿತ್ರವನ್ನಷ್ಟೇ ತೋರಿಸುವ ಯಂತ್ರವು ಬಂದರೆ ನಾವು ಸ್ವಾಗತಿಸುವೆವು. ಅಪರಿಚಿತರ ಕೈಗಿಂತ ಅದು ಎಷ್ಟೋ ಲೇಸು. ಪರಂತು ಅದು ಬರುವ ಮುಂಚೆಯೇ ಅದರ ಕಟ್ಟುಪಾಡುಗಳು ಪ್ರಕಟವಾಗಬೇಕು. ಬಂದ ಮೇಲೆ ಕೇಳುವದೆಂದರೆ ಕೋಟೆ ಸೂರೆಹೋದ ಮೇಲೆ ದಿಡ್ಡಿಯ ಬಾಗಿಲನ್ನು ಹಾಕಿದಂತೆ.

ಯಂತ್ರವು ಎಷ್ಟೇ ಒಳ್ಳೆಯದಾಗಲಿ, ಅದು ಕೂಗಿದ ಮೇಲೆ ಮನುಷ್ಯನೇ ಮುಟ್ಟಿ ನೋಡಬೇಕಾಗುವದು. ಜಾಂಬೋಟಿಯ ಕಡೆಯ ಹಳ್ಳಿಯಿಂದ ಬಂದ, ಕಾಲು ಮುರಿದು ಸಲಾಕೆ ಹಾಕಿಸಿಕೊಂಡ ಒಬ್ಬ ಮುದುಕಿಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಅವಳಿಗೆ ಕನ್ನಡ ಇಲ್ಲವೆ ಮರಾಠಿ ಬರುವದು. ಹಿಂದಿ ತಿಳಿಯದು, ಇಂಗ್ಲಿಷಿನ ಗಂಧವಿಲ್ಲ. ಯಂತ್ರವು ಕೂಗಿದೊಡನೆ ತಾನು ಏನೋ ಅಪರಾಧ ಮಾಡಿದೆನೆಂದು ನಡುಗುವಳು. ತಿಳಿಯದ ಭಾಷೆಯಲ್ಲಿ ಗದರಿಸಿ ಸೆರಗಿಗೆ ಕೈ ಹಾಕಿದರೆ ಅವಳು ತಿರುಗಿ ಮಾತಾಡಲಾರಳು, ದೂರು ಬರೆಯಲಾರಳು. ಊರಿಗೆ ಬಂದು ಸೊಸೆಯ ಮುಂದೆ ಸಹ ಹೇಳಲಾರಳು. 'ಯವ್ವಾ, ಹೆದರಬ್ಯಾಡ್ರಿ, ಈ ಕೋಣಿಯೊಳಗ ಬರ್ರಿ, ನಿಮಗ ಹೇಳೇ ನೋಡತೀನಿ' ಎಂದು ಕಾವಲಿನ ಹೆಣ್ಣುಮಗಳು ಒಂದು ಮಾತು ಅಂದರೆ ಅದೇ ಝಡತಿಯು ಮುದುಕಿಗೆ ಆರೈಕೆಯಂತೆ ತೋರುವದು. ಬಾಂಬು ಸಿಕ್ಕುವ ಸಂಭವವು ಎರಡರಲ್ಲಿಯೂ ಒಂದೇ. ಕಡಿಮೆಯಾಗುವದು ಅಪಮಾನ ಮಾತ್ರ.

ಗಂಡಸಿಗೂ ಮಾನವುಂಟೆಂಬದನ್ನು ಈ ಸಂದರ್ಭದಲ್ಲಿ ಮರೆಯಬಾರದು. ಕಟ್ಟೆಯ ಮೇಲೆ ಎಲ್ಲರೆದುರಿಗೆ ಕೈ ಚಾಚಿ ನಿಂತವನ ಹೊಟ್ಟೆಯ ಮೇಲೆ ಮೂತ್ರದ ಚೀಲವಿರಬಹುದು, ಶಸ್ತ್ರಕ್ರಿಯೆಯ ಹಸಿ ಗಾಯವಿರಬಹುದು. ನಮ್ಮ ಜಿಲ್ಲೆಯ ಸವದತ್ತಿಯ ಎಲ್ಲಮ್ಮನ ಗುಡ್ಡದ ಜೋಗಪ್ಪನೊಬ್ಬನು ಸೀರೆಯುಟ್ಟು ಬಂದರೆ ಅವನು ಯಾವ ಸಾಲಿನಲ್ಲಿ ನಿಲ್ಲಬೇಕು, ಅವನನ್ನು ಮುಟ್ಟುವವರು ಯಾರು? ತೃತೀಯ ಲಿಂಗದವರ ಹಕ್ಕನ್ನು ಸುಪ್ರೀಂ ಕೋರ್ಟು 2014ರ ಏಪ್ರಿಲ 15ರಂದು ಎತ್ತಿಹಿಡಿದಿದೆ. ನಿಲ್ದಾಣದ ಬಾಗಿಲಲ್ಲಿ ಎರಡೇ ಸಾಲುಗಳಿದ್ದರೆ ಆ ತೀರ್ಪು ಅಲ್ಲಿಯ ವರೆಗೆ ತಲುಪಿಲ್ಲವೆಂದೇ ಅರ್ಥ.

ಬಚ್ಚಿಡುವದು ಏನೂ ಇಲ್ಲದವನು ಯಾಕೆ ಅಂಜಬೇಕು ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಕಳುವಿನ ಮಾಲು ಇಲ್ಲದವನೂ ಬಚ್ಚಲಿಗೆ ಬಾಗಿಲು ಹಾಕಿಕೊಳ್ಳುವನು. ಮುಚ್ಚಿಕೊಳ್ಳುವದೆಲ್ಲ ಅಪರಾಧದ ಗುರುತಲ್ಲ, ಮನುಷ್ಯತ್ವದ ಗುರುತು. ನಿಯಮಗಳನ್ನು ಪ್ರಕಟಿಸಿದರೆ ದುಷ್ಟರಿಗೆ ಉಪಯೋಗವಾಗುವದೆಂಬ ಇನ್ನೊಂದು ಆಕ್ಷೇಪವುಂಟು. ಯಂತ್ರವು ಏನನ್ನು ಹೇಗೆ ಕಂಡುಹಿಡಿಯುವದೆಂಬ ಗುಟ್ಟನ್ನು ನಾವು ಕೇಳುತ್ತಿಲ್ಲ. ಮುಟ್ಟುವವರು ಯಾರು, ಎಲ್ಲಿ ಮುಟ್ಟುವರು, ಯಾರ ಎದುರಿಗೆ ಮುಟ್ಟುವರು, ತಪ್ಪಿದರೆ ಯಾರಿಗೆ ಹೇಳಬೇಕು ಎಂಬದನ್ನು ತಿಳಿದುಕೊಂಡು ಯಾವ ದುಷ್ಟನೂ ವಿಮಾನವನ್ನು ಅಪಹರಿಸಲಾರನು. ದೊಡ್ಡವರ ಮಾತನ್ನು ತೆಗೆಯುವವರೂ ಇದ್ದಾರೆ. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿಗಳು ಮೊದಲಾದವರಿಗೆ ಈ ಝಡತಿಯಿಂದ ವಿನಾಯಿತಿಯುಂಟು. ಮಾಜಿ ರಾಷ್ಟ್ರಪತಿ ಡಾ. ಅಬ್ದುಲ್ ಕಲಾಮರಿಗೂ ಅದು ಇತ್ತು. ಆದರೂ 2009ರ ಏಪ್ರಿಲದಲ್ಲಿ ದಿಲ್ಲಿಯಲ್ಲಿ ಅಮೇರಿಕದ ಒಂದು ವಿಮಾನ ಕಂಪನಿಯವರು ಅವರ ಝಡತಿಯನ್ನು ಮಾಡಿದರು. ಅದು ಹೊರಬಿದ್ದಾಗ ಲೋಕಸಭೆ ರಾಜ್ಯಸಭೆಗಳಲ್ಲಿ ಗದ್ದಲವೆದ್ದು ಕಂಪನಿಯು ಕ್ಷಮೆ ಕೇಳಿತು. ಕಲಾಮರಾದರೋ ಆ ಹೊತ್ತಿಗೆ ತುಟಿ ಬಿಚ್ಚದೆ ಸಹಕರಿಸಿದ್ದರು. ದೊಡ್ಡವರಿಗಾದಾಗ ಎದ್ದ ದನಿಯು ಹೆಸರಿಲ್ಲದ ಮುದುಕಿಗಾದಾಗಲೂ ಏಳಲೆಂದೇ ನಮ್ಮ ಕೋರಿಕೆ.

ಸಾಂಬ್ರಾದ ಮಟ್ಟಿಗೆ ನಾವು ಕೇಳುವದು ದುಬಾರಿಯಾದದ್ದೇನೂ ಅಲ್ಲ. ಝಡತಿಯ ನಿಯಮಗಳನ್ನೂ ಪ್ರಯಾಣಿಕರ ಹಕ್ಕುಗಳನ್ನೂ ದೊಡ್ಡ ಅಕ್ಷರಗಳಲ್ಲಿ ಮೊದಲು ಕನ್ನಡದಲ್ಲಿಯೂ, ಜೊತೆಗೆ ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿಯೂ ಬರೆದು ಬಾಗಿಲಲ್ಲಿ ತೂಗಹಾಕಬೇಕು. ಗಂಡಸರಿಗೂ ಬೇಕೆಂದಾಗ ಮುಚ್ಚಿದ ಕೋಣೆಯು ದೊರೆಯಬೇಕು. ಹೊಸ ಕಟ್ಟಡದ ನಕ್ಷೆಯಲ್ಲಿ ಇದಕ್ಕೆ ಸ್ಥಳವಿರಲೇಬೇಕು. ಪ್ರಯಾಣಿಕನು ಬಯಸಿದರೆ ಅವನ ಕಡೆಯ ಒಬ್ಬರು ಹತ್ತಿರ ಇರಲು ಅವಕಾಶವಿರಬೇಕು. ಬಟ್ಟೆಯನ್ನಾಗಲಿ ಕೃತಕ ಅಂಗವನ್ನಾಗಲಿ ಬಿಚ್ಚಿಸುವ ಅಧಿಕಾರವು ಸಾಲಿನಲ್ಲಿ ನಿಂತ ಕಾವಲಿನವನಿಗೆ ಇರಕೂಡದು. ಅತ್ಯವಶ್ಯವಾದ ಪ್ರಸಂಗ ಬಂದರೆ ಮೇಲಧಿಕಾರಿಯು ಕಾರಣವನ್ನು ಬರೆದಿಟ್ಟು ಅಪ್ಪಣೆ ಕೊಡಬೇಕು. ಮುಟ್ಟುವ ಮುಂಚೆ ಹೇಳಿ ಮುಟ್ಟಬೇಕು. ಪ್ರತಿಯೊಂದು ಸರದಿಯಲ್ಲಿಯೂ ಕನ್ನಡ ಬಲ್ಲ ಒಬ್ಬ ಗಂಡಸೂ ಒಬ್ಬ ಹೆಂಗಸೂ ಇರಬೇಕು. ದೂರಿನ ಪುಸ್ತಕವನ್ನಿಟ್ಟು ಪಾವತಿ ಕೊಟ್ಟು, ಗೊತ್ತಾದ ಅವಧಿಯೊಳಗೆ ಉತ್ತರವನ್ನು ಕಳಿಸಬೇಕು. ನಾಳೆ ಬರುವ ಯಂತ್ರವು ಗೊಂಬೆಯ ಚಿತ್ರವನ್ನಷ್ಟೇ ತೋರಿಸುವಂತಹದೂ, ಯಾವ ಚಿತ್ರವನ್ನೂ ಉಳಿಸಿಕೊಳ್ಳಲಾರದಂತಹದೂ ಆಗಿದೆಯೆಂದು ಹೊರಗಿನ ತಜ್ಞರು ಪರೀಕ್ಷಿಸಿ ಹೇಳಬೇಕು.

ಪ್ರಜೆಗಳಿಗೂ ಎರಡು ಮಾತು. ಹಕ್ಕನ್ನು ಕೇಳುವವನು ಕರ್ತವ್ಯವನ್ನು ಬಿಡಲಾಗದು. ಹೊತ್ತಿಗೆ ಮೊದಲೇ ನಿಲ್ದಾಣಕ್ಕೆ ಬರಬೇಕು; ಮೈಯಲ್ಲಿ ಲೋಹದ ಸಲಾಕೆಯೋ ಹೃದಯದ ಯಂತ್ರವೋ ಇದ್ದವರು ಡಾಕ್ಟರರ ಚೀಟಿಯನ್ನು ಜೊತೆಗಿಟ್ಟುಕೊಂಡು ಮುಂಚಿತವಾಗಿ ತಿಳಿಸಬೇಕು. ಕಾವಲಿನವರೊಡನೆ ವ್ಯರ್ಥವಾಗಿ ಜಗಳಕ್ಕೆ ನಿಲ್ಲುವದು, ಚೇಷ್ಟೆಗೆಂದು ಬಾಂಬಿನ ಮಾತಾಡುವದು ಸಂಭಾವಿತರ ಲಕ್ಷಣವಲ್ಲ. ಸಭ್ಯತೆಗೆ ಕುಂದು ಬಂದಾಗ ಮಾತ್ರ ನಾಚಿಕೊಂಡು ತಲೆ ತಗ್ಗಿಸಬೇಡಿರಿ. ಮೇಲಧಿಕಾರಿಯನ್ನು ಕರೆಯಿರಿ, ಮುಚ್ಚಿದ ಕೋಣೆಯನ್ನು ಕೇಳಿರಿ, ದೂರನ್ನು ಬರೆದುಕೊಡಿರಿ. ಬರೆಯಲು ಬಾರದ ಮುದುಕರು ಪಕ್ಕದಲ್ಲಿ ನಿಂತಿದ್ದರೆ ಅವರ ಪರವಾಗಿ ನೀವು ಬರೆಯಿರಿ.

ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರೂ, ನಿಲ್ದಾಣದ ಅಧಿಕಾರಿಗಳೂ, ಭದ್ರತಾ ಇಲಾಖೆಯವರೂ ಈ ವಿಷಯದಲ್ಲಿ ಕೂಡಲೆ ಲಕ್ಷ್ಯವನ್ನು ಪೂರೈಸಬೇಕೆಂದು ನಾವು ಒತ್ತಿ ಹೇಳುತ್ತೇವೆ. ಗೋಡೆಯ ಮೇಲೆ ಒಂದು ಫಲಕವನ್ನು ಬರೆಯಿಸಲು ದಿಲ್ಲಿಯ ಕಡೆಗೆ ವರುಷಗಟ್ಟಲೆ ನೋಡಬೇಕಾದ ಕಾರಣವಿಲ್ಲ. ಪ್ರಾಣವನ್ನು ಕಾಯುವ ಕೆಲಸವು ಮಾನವನ್ನು ಕಾಯುವ ಕೆಲಸಕ್ಕೆ ವಿರೋಧವಾದದ್ದಲ್ಲ. ಎರಡೂ ಅದೇ ಕಾವಲಿನವನ ಒಂದೇ ಕರ್ತವ್ಯದ ಎರಡು ಭಾಗಗಳು. ಅವೆರಡನ್ನೂ ಚೆನ್ನಾಗಿ ಮಾಡಿ ತೋರಿಸಿದ ಮೊದಲ ನಿಲ್ದಾಣವು ಸಾಂಬ್ರಾದ್ದೇ ಆಗಲಿ.